ಹಳೆ ಬುಲೆಟ್ಟಿನ ಸೆಲ್ಫ್: ಮೋಟಾರ್ ಬಿಚ್ಚುವ ಮೊದಲು ಅರ್ಥಿಂಗ್ ನೋಡಿ

ಕಾಸ್ಟ್ ಐರನ್ ಎಂಜಿನ್ನಿನ ಹಳೆ ರಾಯಲ್ ಎನ್‌ಫೀಲ್ಡ್ ಬುಲೆಟ್ಟಿಗೆ ಸೆಲ್ಫ್ (ಬಟನ್ ಸ್ಟಾರ್ಟ್) ಇರೋದು ಬರೀ ಶೋಕಿಗೆ, ಕಿಕ್ಕೇ ಗತಿ. ಹಾಸನದ ಬಿ.ಎಂ. ರಸ್ತೆಯ ಮೆಕ್ಯಾನಿಕ್ಕುಗಳನ್ನ ಕೇಳಿದರೂ ಇದೇ ಮಾತು, ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಕೇಳಿದರೂ ಇದೇ ಮಾತು. ನನ್ನ ಎಲೆಕ್ಟ್ರಾ ಬುಲೆಟ್ ನೋಡಿದವರಂತೂ ಮೋಟಾರ್ ಬಿಚ್ಚಿಟ್ಟು ಆ ಜಾಗಕ್ಕೊಂದು ಪ್ಲೇಟ್ ಹೊಡೆಸಿಬಿಡಿ ಅಂದಿದ್ದರು. ಈಗ ಡಿಸೆಂಬರಿನ ಚಳಿಯಲ್ಲೂ ಬಟನ್ ಒತ್ತಿದರೆ ಎರಡು ಮೂರು ಸುತ್ತಿನಲ್ಲೇ ಸ್ಟಾರ್ಟ್ ಆಗುತ್ತೆ. ಮೋಟಾರ್ ಹಳೇದೇ, ಮುಖ್ಯವಾಗಿ ಸರಿ ಮಾಡಿದ್ದು ಅರ್ಥಿಂಗ್, ಅಂದರೆ ಕರೆಂಟ್ ಮೋಟಾರಿನಿಂದ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋ ದಾರಿ. ಪ್ಲೇಟ್ ಹೊಡೆಸಿ ಅಂದವರು ಬಂದು ಬಟನ್ ಒತ್ತಿ ನೋಡಿ ಹೋಗಿದ್ದಾರೆ, ಅದಕ್ಕೇ ಧೈರ್ಯವಾಗಿ ಬರೀತಿದ್ದೀನಿ.

ಮೊದಲು ದುಡ್ಡಿನ ಲೆಕ್ಕ. 14 ಆಂಪ್ ಅವರ್ ಬ್ಯಾಟರಿಗೆ ಎರಡೂವರೆ ಸಾವಿರದ ಹತ್ತಿರ ಹೋಯಿತು. ರಿಲೇಗೆ (ಬಟನ್ ಒತ್ತಿದಾಗ ಬ್ಯಾಟರಿಯ ಕರೆಂಟನ್ನ ಮೋಟಾರಿಗೆ ಬಿಡೋ ಸ್ವಿಚ್ಚಿಗೆ) ಐನೂರೋ ಆರುನೂರೋ. ಮೋಟಾರಿನ ತಿರುಗನ್ನ ಎಂಜಿನ್ನಿಗೆ ಹಿಡಿಸೋ ಸ್ಪ್ರಾಗ್ ಕ್ಲಚ್ಚಿನ ಕಿಟ್, ಲೇಬರ್ ಸೇರಿ ಐದು ಸಾವಿರದ ಮೇಲೆ, ಅದೂ ಒಂದು ಸಲ ಅಲ್ಲ. ಹೊಸ ಸ್ಪ್ರಾಗ್ ಒಂದು ಮಳೆಗಾಲ ದಾಟಲಿಲ್ಲ. ಇಷ್ಟೆಲ್ಲ ಹಾಕಿದ ಮೇಲೂ ಗಾಡಿ ಬೆಳಿಗ್ಗೆ ಒಂದು ಸುತ್ತು ಮುಲುಗಿ ನಿಲ್ಲುತ್ತಿತ್ತು. ಕೊನೆಗೆ ವಾಸಿಯಾಗಿದ್ದು ಒಂದೂವರೆ ಮೀಟರ್ ಕೇಬಲ್ಲು, ನಾಲ್ಕು ಲಗ್ಗು (ಕೇಬಲ್ ತುದಿಗೆ ಹಾಕೋ ಲೋಹದ ಕಿವಿ), ಒಂದು ಬೇರೆ ರಿಲೇಯಿಂದ. ಎಲ್ಲ ಸೇರಿ ಸಾವಿರ ರೂಪಾಯಿಯೊಳಗೆ.

ಸದ್ದು ಕೇಳಿ ರೋಗ ಹೇಳೋದು ನಿಮಗೆಲ್ಲ ಗೊತ್ತಿರೋದೇ. ಟಕಟಕಟಕ ಅಂತ ಬಡಿದುಕೊಂಡರೆ ವೋಲ್ಟೇಜ್ ಬೀಳುತ್ತಿದೆ. ಒಂದೇ ಒಂದು ಟಕ್ ಅಂದು ಸುಮ್ಮನಾದರೆ ರಿಲೇಯ ಒಳಗಿನ ಕಾಂಟ್ಯಾಕ್ಟೋ ಮೋಟಾರೋ. ಏನೂ ಸದ್ದಿಲ್ಲದಿದ್ದರೆ ಫ್ಯೂಸು, ಬಟನ್ನು, ರಿಲೇ ಕಾಯಿಲ್ಲು. ಮೋಟಾರ್ ಸುಯ್ ಅಂತ ತಿರುಗಿ ಎಂಜಿನ್ ಅಲ್ಲಾಡದಿದ್ದರೆ ಸ್ಪ್ರಾಗ್. ಇದರಲ್ಲಿ ಜನ ಎಡವೋದು ಮೊದಲನೇದರಲ್ಲಿ. ವೋಲ್ಟೇಜ್ ಬೀಳುತ್ತಿದೆ ಅಂದ ತಕ್ಷಣ ಬ್ಯಾಟರಿ ಮೇಲೆ ಹಾಕಿಬಿಡ್ತಾರೆ. ಬ್ಯಾಟರಿಯಲ್ಲಿರೋದು ಮೋಟಾರಿನವರೆಗೆ ತಲುಪುತ್ತಿದೆಯಾ ಅಂತ ಯಾರೂ ಅಳೆಯಲ್ಲ. ಅಳೆದರೂ ಮಲ್ಟಿಮೀಟರನ್ನ ಬಝರಿಗೆ ಇಟ್ಟು ಪೀಂ ಅಂದರೆ ಸಾಕು, ವೈರ್ ಸರಿ ಇದೆ ಅಂತ ಸರ್ಟಿಫಿಕೇಟ್ ಕೊಡ್ತಾರೆ. ಕೇಬಲ್ಲಿನಲ್ಲಿ ಎರಡೇ ಎಳೆ ಉಳಿದಿದ್ದರೂ ಬಝರ್ ಪೀಂ ಅನ್ನುತ್ತೆ. ಸೆಲ್ಫ್ ಎಳೆಯೋದು ನೂರು ಆಂಪ್ ಲೆಕ್ಕದಲ್ಲಿ. ದಾರಿಯಲ್ಲಿ 0.01 ಓಮ್ ತಡೆ ಇದ್ದರೂ ಒಂದು ವೋಲ್ಟ್ ಅಲ್ಲೇ ಖರ್ಚು. ನಮ್ಮ ಮುನ್ನೂರು ರೂಪಾಯಿ ಮೀಟರಿಗೆ ಓಮ್ ರೇಂಜಲ್ಲಿ 0.01 ಕಾಣಲ್ಲ. ಅದೇ ಮೀಟರಿನ ವೋಲ್ಟ್ ರೇಂಜಿಗೆ ಒಂದು ವೋಲ್ಟ್ ಚೆನ್ನಾಗಿ ಕಾಣುತ್ತೆ. ಹಾಗಾಗಿ ಅಳೆಯೋದಾದರೆ ಸೆಲ್ಫ್ ಒತ್ತಿ ಹಿಡಿದೇ ಅಳೆಯಬೇಕು.

ಅಳೆಯುವಾಗ ಎಂಜಿನ್ ತಿರುಗಬೇಕು, ಸ್ಟಾರ್ಟ್ ಆಗಬಾರದು. ಪ್ಲಗ್ ಕ್ಯಾಪ್ ಕಿತ್ತು ಹಾಗೇ ಗಾಳಿಯಲ್ಲಿ ಬಿಡಬೇಡಿ, ಎಲೆಕ್ಟ್ರಾನಿಕ್ ಇಗ್ನಿಷನ್ನಿನ ಕಾಯಿಲ್ಲಿಗೂ ಮಾಡ್ಯೂಲಿಗೂ ಪೆಟ್ಟು ಬೀಳುತ್ತೆ. ಹೆಡ್ಡಿನಲ್ಲಿರೋ ಪ್ಲಗ್ ಅಲ್ಲೇ ಇರಲಿ, ಕಂಪ್ರೆಷನ್ ಬೇಕು. ಕ್ಯಾಪಿಗೆ ಬೇರೊಂದು ಹಳೆ ಪ್ಲಗ್ ಸಿಕ್ಕಿಸಿ, ಅದರ ಮೈಗೆ ವೈರ್ ಸುತ್ತಿ ಎಂಜಿನ್ನಿಗೆ ಕಟ್ಟಿ, ಕಾರ್ಬುರೇಟರಿನಿಂದ ದೂರ ಇಡಿ. ಬಟನ್ನನ್ನ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಒತ್ತಬೇಡಿ, ನಡುವೆ ಒಂದು ನಿಮಿಷ ಮೋಟಾರಿಗೆ ಬಿಡುವು. ಅಗ್ಗದ ಮೀಟರಿನ ಅಂಕಿ ನಿಲ್ಲೋಕೆ ಮೂರು ಸೆಕೆಂಡ್ ಬೇಕು, ಅದಕ್ಕೆ ಬಟನ್ ಒತ್ತೋಕೆ ಒಬ್ಬರು ಜೊತೆಗಿದ್ದರೆ ಒಳ್ಳೇದು.

ನಾಲ್ಕು ಅಳತೆ. ಬ್ಯಾಟರಿಯ ಎರಡು ಟರ್ಮಿನಲ್ ನಡುವೆ ಒಂದು. ಪ್ರೋಬ್ ಇಡೋದು ಸೀಸದ ಮೇಲೆ, ನಟ್ಟಿನ ಮೇಲೂ ಅಲ್ಲ, ಲಗ್ಗಿನ ಮೇಲೂ ಅಲ್ಲ. ಅಲ್ಲಿಟ್ಟರೆ ಆ ಜಾಯಿಂಟಿನ ನಷ್ಟ ಲೆಕ್ಕಕ್ಕೇ ಬರಲ್ಲ. ಎರಡನೇದು ಮೋಟಾರಿನ ಸ್ಟಡ್ಡಿಗೂ (ಪ್ಲಸ್ ಕೇಬಲ್ ಕೂರೋ ಬೋಲ್ಟಿಗೂ) ಮೋಟಾರಿನ ಮೈಗೂ ನಡುವೆ, ಮೈಯನ್ನ ಪೇಂಟ್ ಕೆರೆದು ಹಿಡಿಯಬೇಕು. ಮೂರನೇದು ಬ್ಯಾಟರಿ ಪ್ಲಸ್ಸಿನಿಂದ ಮೋಟಾರ್ ಸ್ಟಡ್ಡಿಗೆ. ನಾಲ್ಕನೇದು ಬ್ಯಾಟರಿ ಮೈನಸ್ಸಿನಿಂದ ಮೋಟಾರ್ ಮೈಗೆ. ಪ್ಲಸ್ ದಾರಿಯಲ್ಲಿ ರಿಲೇ ಸೇರಿ ಅರ್ಧ ವೋಲ್ಟಿನೊಳಗಿರಬೇಕು, ರಿಲೇ ಒಂದರದ್ದೇ 0.2. ಮೈನಸ್ ದಾರಿಯಲ್ಲಿ 0.2, ಹೆಚ್ಚೆಂದರೆ 0.3.

ನನ್ನ ಗಾಡಿಯಲ್ಲಿ ಬಂದಿದ್ದು ಸುಮಾರು ಹೀಗೆ. ಸುಮ್ಮನಿದ್ದಾಗ ಬ್ಯಾಟರಿ 12.7. ಸೆಲ್ಫ್ ಒತ್ತಿದಾಗ ಬ್ಯಾಟರಿಯಲ್ಲಿ 10.9, ಅಂದರೆ ಬ್ಯಾಟರಿಗೆ ಏನೂ ಆಗಿಲ್ಲ. ಮೋಟಾರಿಗೆ ಸಿಗುತ್ತಿದ್ದದ್ದು 8.1. ನಡುವೆ 2.8 ವೋಲ್ಟ್ ಮಾಯ. ಪ್ಲಸ್ ಕಡೆ 0.9, ಅದರಲ್ಲಿ 0.6 ಹೊಸದಾಗಿ ಹಾಕಿದ ರಿಲೇಯೊಳಗೇ. ಮೈನಸ್ ಕಡೆ 1.9.

ಮೈನಸ್ ಕಡೆ ಇಷ್ಟು ಹೋಗೋಕೆ ಕಾರಣ ನಮ್ಮ ಚಂದದ ಹುಚ್ಚು. ಹಳೆ ಗಾಡಿ ರೀಸ್ಟೋರ್ ಮಾಡಿಸಿದವರೆಲ್ಲ ಚಾಸಿಸ್ಸಿಗೆ ಪೌಡರ್ ಕೋಟಿಂಗ್ ಮಾಡಿಸಿರ್ತಾರೆ. ಬ್ಯಾಟರಿ ಮೈನಸ್ ಚಾಸಿಸ್ಸಿಗೆ, ಎಂಜಿನ್ ಕೂತಿರೋದೂ ಅದೇ ಕೋಟಿಂಗ್ ಮೇಲೆ, ಕೋಟಿಂಗಿನಲ್ಲಿ ಕರೆಂಟ್ ಹರಿಯಲ್ಲ. ಕರೆಂಟ್ ವಾಪಸ್ ಬರೋಕೆ ಇರೋ ದಾರಿ ಬೋಲ್ಟಿನ ಥ್ರೆಡ್ಡುಗಳು ಮಾತ್ರ, ಅವೂ ಮಳೆಗಾಲದಲ್ಲಿ ತುಕ್ಕು ಹಿಡಿದಿರ್ತವೆ. ಆಗ ಕರೆಂಟ್ ಕ್ಲಚ್ ಕೇಬಲ್ಲಿನ ಒಳಗಿಂದ ಹ್ಯಾಂಡಲ್ ಬಾರಿಗೆ ಹೋಗಿ ಅಲ್ಲಿಂದ ಚಾಸಿಸ್ಸಿಗೆ ಬರುತ್ತೆ. ಪರೀಕ್ಷೆ ಸುಲಭ: ಸೆಲ್ಫ್ ಹೊಡೆದ ತಕ್ಷಣ ಕ್ಲಚ್ ಕೇಬಲ್ಲನ್ನ ಗೇರ್‌ಬಾಕ್ಸಿನ ಹತ್ತಿರ ಬೆರಳಲ್ಲಿ ಹಿಡಿದು ನೋಡಿ. ಬೆಚ್ಚಗಿದ್ದರೆ ಅರ್ಥಿಂಗ್ ಸತ್ತಿದೆ ಅಂತಲೇ. ನನ್ನದರಲ್ಲಿ ಕೇಬಲ್ಲಿನ ಪ್ಲಾಸ್ಟಿಕ್ ಒಂದು ಕಡೆ ಉಬ್ಬಿ ಹೊಳಪು ಬಂದಿತ್ತು, ಒಳಗಿನ ತಂತಿ ನೀಲಿಗಟ್ಟಿತ್ತು. ಕ್ಲಚ್ ಕೇಬಲ್ ಪದೇ ಪದೇ ಬಿಗಿಯಾಗೋದಕ್ಕೆ ಎಣ್ಣೆ ಬಿಟ್ಟೂ ಬಿಟ್ಟೂ ಸಾಕಾಗಿರೋರು ಇದನ್ನೊಮ್ಮೆ ನೋಡಿ.

ಪರಿಹಾರ: ಬ್ಯಾಟರಿ ಮೈನಸ್ಸಿನಿಂದ ನೇರವಾಗಿ ಮೋಟಾರ್ ಹಿಡಿದಿರೋ ಬೋಲ್ಟಿಗೆ ಒಂದು ದಪ್ಪ ಕೇಬಲ್. ಚಾಸಿಸ್ಸಿಗೆ ಹೋಗೋ ಹಳೇ ವೈರ್ ಹಾಗೇ ಇರಲಿ, ಲೈಟಿಗೆ ಹಾರ್ನಿಗೆ ಅದು ಬೇಕು. ಬೋಲ್ಟ್ ಕೂರುವ ಜಾಗದ ಪೇಂಟನ್ನ ಲೋಹ ಹೊಳೆಯುವ ತನಕ ಕೆರೆದು, ಹಲ್ಲಿರೋ ವಾಷರ್ ಹಾಕಿ, ಬಿಗಿ ಮಾಡಿ, ಆಮೇಲೆ ಮೇಲಿಂದ ವ್ಯಾಸಲೀನ್ ಬಳಿಯಿರಿ.

ಕೇಬಲ್ 16 ಸ್ಕ್ವೇರ್ ಎಂಎಂ ತಾಮ್ರದ್ದು. ಮೀಟರಿಗೆ ನೂರು ಆಂಪಿನಲ್ಲಿ 0.12 ವೋಲ್ಟಿಗಿಂತ ಕಡಿಮೆ ನಷ್ಟ. ಅಂಗಡಿಯವರು 6 ಸ್ಕ್ವೇರ್ ಸಾಕು ಅಂತಾರೆ, ಅದರಲ್ಲಿ 0.3 ಹೋಗುತ್ತೆ. ಹಾಸನದ ಕಟ್ಟಿನಕೆರೆ ಕಡೆ ವೈರ್ ಕೊಳ್ಳುವಾಗ ತುದಿಯನ್ನ ಬ್ಲೇಡಿನಲ್ಲಿ ಕೆರೆದು ನೋಡಿ: ಮೇಲೆ ಕೆಂಪು, ಒಳಗೆ ಬಿಳಿ ಬಂದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ವಾಪಸ್ ಕೊಟ್ಟುಬಿಡಿ. ಲಗ್ಗಿನಲ್ಲೂ ಅದೇ ಮೋಸ. ಪಂಪ್‌ಸೆಟ್ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಅಲ್ಯೂಮಿನಿಯಂ ಲಗ್ ಕೈಗಿಡ್ತಾರೆ. ತಾಮ್ರದ ಕೇಬಲ್ಲಿಗೆ ಅದನ್ನ ಹಾಕಿ ಮಲೆನಾಡಿನ ಮಳೆಯಲ್ಲಿ ಬಿಟ್ಟರೆ ಜಾಯಿಂಟ್ ಬಿಳಿ ಪುಡಿಯಾಗಿ ಉದುರುತ್ತೆ. ಕಲಾಯಿ ಹಾಕಿದ ತಾಮ್ರದ ಲಗ್ಗೇ ಬೇಕು ಅನ್ನಿ. ಸುತ್ತಿಗೆಯಲ್ಲಿ ಬಡಿದು ಕೂರಿಸಬೇಡಿ. ಪಂಪ್‌ಸೆಟ್ ಪ್ಯಾನಲ್ ಕಟ್ಟೋ ಎಲೆಕ್ಟ್ರಿಷಿಯನ್ನರ ಹತ್ತಿರ ಕ್ರಿಂಪಿಂಗ್ ಟೂಲ್ ಇರುತ್ತೆ, ಒಂದು ಕಾಫಿಗೆ ಒತ್ತಿಕೊಡ್ತಾರೆ.

ರಿಲೇ ವಿಷಯದಲ್ಲಿ ಒಂದು ಗುಟ್ಟು ನನ್ನ ಹತ್ತಿರವೇ ಇರಲಿ. ಅಂಗಡಿಯಲ್ಲಿ ಸಿಗೋ ಡೂಪ್ಲಿಕೇಟ್ ಬುಲೆಟ್ ರಿಲೇ ಬದಲು ಬೇರೊಂದು ಗಾಡಿಯದ್ದನ್ನ ಹಾಕಿದ್ದೀನಿ, ಬ್ರಾಕೆಟ್ ಮಾತ್ರ ಸ್ವಲ್ಪ ಉಜ್ಜಬೇಕು. ಯಾವ ಗಾಡಿ ಅಂತ ಬರೆದರೆ ಬೆಂಗಳೂರಿನ ಜೆ.ಸಿ. ರೋಡಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ನಾಳೆಯೇ ಅದರ ರೇಟ್ ಏರುತ್ತೆ. ಕಾಂಟ್ಯಾಕ್ಟ್ ದಪ್ಪ ಇರೋದು ಹುಡುಕಿ, ಸಿಗುತ್ತೆ. ಒಂದು ಮಾತು ಮಾತ್ರ, ರಿಲೇ ಪರೀಕ್ಷೆಗೆ ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸೋ ಅಭ್ಯಾಸ ಬಿಡಿ. ಅಲ್ಲೇ ಬ್ಯಾಟರಿಯ ಗ್ಯಾಸ್, ಅಲ್ಲೇ ಪೆಟ್ರೋಲ್ ಪೈಪ್. ಮೀಟರಿನಲ್ಲಿ ರಿಲೇಯ ಎರಡು ಬೋಲ್ಟಿನ ನಡುವಿನ ನಷ್ಟ ನೋಡಿದರೆ ಅದೇ ಉತ್ತರ ಸಿಗುತ್ತೆ.

ಇಷ್ಟಾದ ಮೇಲೆ ಮತ್ತೆ ಅಳೆದೆ: ಬ್ಯಾಟರಿಯಲ್ಲಿ 10.4, ಮೋಟಾರಿನಲ್ಲಿ 9.9. ಬ್ಯಾಟರಿ ಓದು ಮೊದಲಿಗಿಂತ ಕಡಿಮೆ ಆಯ್ತಲ್ಲ ಅಂತ ಒಬ್ಬರು ಕೇಳಿದರು. ಆಗಲೇಬೇಕು. ಮೋಟಾರ್ ಈಗ ತನಗೆ ಬೇಕಾದಷ್ಟು ಕರೆಂಟ್ ಎಳೀತಿದೆ. ಬ್ಯಾಟರಿ ಓದು 9.6ಕ್ಕಿಂತ ಕೆಳಗೆ ಬಂದರೆ ಮಾತ್ರ ಬ್ಯಾಟರಿ ಮೇಲೆ ಅನುಮಾನ ಪಡಿ.

ಈಗ ಸ್ಪ್ರಾಗ್. ಹಳೆ ಬುಲೆಟ್ಟಿನ ಸ್ಪ್ರಾಗ್ ಬಾಳಲ್ಲ ಅಂತ ಅದನ್ನೇ ಬಯ್ಯೋರು ಬಹಳ. ನಾನು ಒಪ್ಪಲ್ಲ. ಸ್ಪ್ರಾಗ್ ಒಂದೇ ದಿಕ್ಕಿಗೆ ಹಿಡಿಯೋ ಕ್ಲಚ್. ಎಂಜಿನ್ ಮುಂದಕ್ಕೆ ಓಡಿದರೆ ಬಿಟ್ಟುಕೊಡುತ್ತೆ, ಹಿಂದಕ್ಕೆ ಒದ್ದರೆ ಇನ್ನೂ ಬಿಗಿಯಾಗಿ ಕಚ್ಚುತ್ತೆ. ಮೋಟಾರಿಗೆ 8 ವೋಲ್ಟ್ ಸಿಕ್ಕರೆ ಪಿಸ್ಟನ್ ತೆವಳಿಕೊಂಡು ಮೇಲೆ ಬರುತ್ತೆ, ಟಿ.ಡಿ.ಸಿ. (ಪಿಸ್ಟನ್ ಏರೋ ತುತ್ತತುದಿ) ದಾಟೋ ಮೊದಲೇ ಬೆಂಕಿ ಹತ್ತಿ ಹಿಂದಕ್ಕೆ ತಳ್ಳುತ್ತೆ. ಆ ಒದೆತ ಪೂರಾ ಸ್ಪ್ರಾಗಿನ ಸಣ್ಣ ಸಣ್ಣ ಉಕ್ಕಿನ ತುಂಡುಗಳ ಮೇಲೆ, ಅಲ್ಲಿಂದ ಗೇರಿನ ಹಲ್ಲುಗಳ ಮೇಲೆ. ಹಾಗಾಗಿ ಅರ್ಥಿಂಗ್ ಸರಿ ಮಾಡದೆ ಸ್ಪ್ರಾಗ್ ಹಾಕಿದರೆ ಐದು ಸಾವಿರ ಹೊಳೆಗೆ ಸುರಿದಂಗೆ. ಟೈಮಿಂಗ್ ಅಡ್ವಾನ್ಸ್ ಆಗಿ ಕಿಡಿ ಬೇಗ ಬೀಳುತ್ತಿದ್ದರೂ ಇದೇ ಗತಿ. ಎಲೆಕ್ಟ್ರಾನಿಕ್ ಇಗ್ನಿಷನ್ ಬದಲು ಕಾಂಟ್ಯಾಕ್ಟ್ ಪಾಯಿಂಟ್ ಇರೋ ಗಾಡಿಗೆ ಗ್ಯಾಪ್ 0.35ರಿಂದ 0.40 ಎಂಎಂ, 350 ಸಿಸಿಗೆ ಟೈಮಿಂಗ್ ಪೂರ್ತಿ ರಿಟಾರ್ಡಿನಲ್ಲಿ (ಅಡ್ವಾನ್ಸ್ ಏನೂ ಇಲ್ಲದಾಗ) ಟಿ.ಡಿ.ಸಿ.ಗಿಂತ 0.8 ಎಂಎಂ ಮೊದಲು. ವೇಗ ಏರಿದಂತೆ ಕಿಡಿಯನ್ನ ಬೇಗ ತರೋ ಅಡ್ವಾನ್ಸ್ ತೂಕಗಳು ಒಣಗಿ ಹೊರಗೇ ಅಂಟಿಕೊಂಡಿದ್ದರೆ ಈ ಅಳತೆ ಎಲ್ಲ ವ್ಯರ್ಥ, ಕೈಯಲ್ಲಿ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಎಳೆದು ವಾಪಸ್ ಬರಬೇಕು.

ಸ್ಪ್ರಾಗ್ ಹೋಗಿದೆಯಾ ಇಲ್ಲವಾ ಅಂತ ಕೇಸ್ ಬಿಚ್ಚದೆ ನೋಡೋಕೆ: ಪ್ಲಗ್ ಕಳಚಿ ಸೆಲ್ಫ್ ಹೊಡೆಯಿರಿ (ಆಗಲೂ ಕ್ಯಾಪಿಗೆ ಕಟ್ಟಿದ ಪ್ಲಗ್ ಇರಲಿ, ರಂಧ್ರದಿಂದ ದೂರ). ಪ್ಲಗ್ ಇಲ್ಲದಾಗ ಎಂಜಿನ್ ಸಲೀಸಾಗಿ ತಿರುಗಿ, ಹಾಕಿದಾಗ ಮೋಟಾರ್ ಮಾತ್ರ ಜಾರಿದರೆ ಸ್ಪ್ರಾಗ್ ಸವೆದಿದೆ. ಹಾಕಿದಾಗ ಜಾರದೆ ಮುಲುಗಿದರೆ ತೊಂದರೆ ಕರೆಂಟಿನದ್ದು. ಬಿಚ್ಚಿದ ಮೇಲೆ ಸ್ಪ್ರಾಗ್ ಒಂದನ್ನೇ ಬದಲಿಸಬೇಡಿ, ಅದು ಕೂರುವ ಹಬ್ (hub) ಅನ್ನ ಉಗುರಲ್ಲಿ ಸವರಿ ನೋಡಿ. ಗೆರೆ ಸಿಕ್ಕಿದರೆ ಹಬ್ ಕೂಡ ಬದಲಾಗಬೇಕು, ಇಲ್ಲದಿದ್ದರೆ ಹೊಸದೂ ಜಾರುತ್ತೆ. ಕ್ಲಚ್ಚೂ ಸ್ಪ್ರಾಗೂ ಕೂತಿರೋ ಪ್ರೈಮರಿ ಕೇಸಿಗೆ ಕಾರಿನ ಫ್ರಿಕ್ಷನ್ ಮಾಡಿಫೈಯರ್ ಇರೋ ಎಣ್ಣೆ ಬೇಡ. ಕ್ಲಚ್ ಪ್ಲೇಟೂ ಜಾರುತ್ತೆ, ಸ್ಪ್ರಾಗೂ ಜಾರುತ್ತೆ. ಚಳಿಯಲ್ಲಿ ಇಗ್ನಿಷನ್ ಆಫ್ ಇಟ್ಟು ಡಿಕಂಪ್ರೆಷನ್ ಲಿವರ್ (ಸಿಲಿಂಡರಿನ ಒತ್ತಡ ಬಿಡೋದು) ಒತ್ತಿ ಎರಡು ಮೂರು ಸಲ ಕಿಕ್ ತಿರುಗಿಸಿ, ಆಮೇಲೆ ಕ್ಲಚ್ ಹಿಡಿದು ಸೆಲ್ಫ್ ಒತ್ತಿ. ಗೇರ್‌ಬಾಕ್ಸಿನ ಗಟ್ಟಿ ಎಣ್ಣೆಯನ್ನ ಕಲಕೋ ಕೆಲಸವಾದರೂ ಮೋಟಾರಿಗೆ ತಪ್ಪುತ್ತೆ.

ಮೋಟಾರ್ ಬಿಚ್ಚೋದು ಎಲ್ಲ ಮುಗಿದ ಮೇಲೆ. ಮೈ ತುಂಬ 10 ವೋಲ್ಟ್ ಸಿಕ್ಕಿಯೂ ಸೋಮಾರಿಯಾಗಿದ್ದರೆ ಮಾತ್ರ. ಆರ್ಮೇಚರನ್ನ (ಮೋಟಾರಿನೊಳಗೆ ತಿರುಗೋ ಭಾಗ) ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಗೆ ಕೊಟ್ಟರೆ ಗ್ರೋಲರ್ ಮೇಲಿಟ್ಟು ಶಾರ್ಟ್ ಇದೆಯಾ ನೋಡಿ, ಬ್ರಷ್ ಉಜ್ಜೋ ತಾಮ್ರದ ಕಮ್ಯುಟೇಟರನ್ನ ಲೇತಿನಲ್ಲಿ ಒಂದು ಪದರ ತೆಗೆದು, ಅದರ ಪಟ್ಟಿಗಳ ನಡುವಿನ ಮೈಕಾವನ್ನ ಹ್ಯಾಕ್ಸಾ ಬ್ಲೇಡಿನಲ್ಲಿ ಇಳಿಸಿ ಕೊಡ್ತಾರೆ. ಬ್ರಷ್ ಅರ್ಧಕ್ಕಿಂತ ಸವೆದಿದ್ದರೆ ಬದಲಿಸಿ. ಕುತೂಹಲಕ್ಕೆ ಗ್ರೈಂಡರ್ ಮಿಷಿನ್ನಿನ ಕಾರ್ಬನ್ ಬ್ರಷ್ ಉಜ್ಜಿ ಕೂರಿಸಿ ನೋಡಿದ್ದೂ ಆಯಿತು. ಅಳತೆ ಕೂತಿತು, ಮೋಟಾರ್ ಮಾತ್ರ ಏಳಲಿಲ್ಲ, ಬ್ರಷ್ ಹೋಲ್ಡರ್ ಕೈ ಇಡೋಕಾಗದಷ್ಟು ಸುಟ್ಟಿತು. 230 ವೋಲ್ಟಿನ ಬ್ರಷ್ ಕಪ್ಪು ಗ್ರಾಫೈಟ್, ತಡೆ ಜಾಸ್ತಿ. 12 ವೋಲ್ಟಿನ ಸೆಲ್ಫಿಗೆ ತಾಮ್ರ ಬೆರೆಸಿದ್ದೇ ಆಗಬೇಕು. ಉಜ್ಜಿದಾಗ ಪುಡಿ ಕಂದುಗೆಂಪಾಗಿ ಹೊಳೆದರೆ ಅದು ಸರಿಯಾದ್ದು.

ಇನ್ನೊಂದು ಪ್ರಯೋಗ, 2.7 ವೋಲ್ಟಿನ ಆರು ಸೂಪರ್ ಕೆಪ್ಯಾಸಿಟರ್ (ಕರೆಂಟ್ ಕೂಡಿಟ್ಟು ಒಮ್ಮೆಗೇ ಬಿಡೋ ಬಿಡಿಭಾಗ) ಸಾಲಾಗಿ ಜೋಡಿಸಿ ಬ್ಯಾಟರಿಗೆ ಸಮಾನಾಂತರ ಕೊಟ್ಟಿದ್ದು. ಸೆಲ್ಫಿನ ಜೋರು ಚೆನ್ನಾಗಿತ್ತು. ಆದರೆ ಆರಕ್ಕೂ ವೋಲ್ಟೇಜ್ ಸಮ ಇಡೋ ಬ್ಯಾಲೆನ್ಸಿಂಗ್ ಬೋರ್ಡು ಸದ್ದಿಲ್ಲದೆ ಕರೆಂಟ್ ಕುಡಿಯುತ್ತೆ. ಮಳೆಗಾಲದಲ್ಲಿ ಎಸ್ಟೇಟ್ ಶೆಡ್ಡಿನಲ್ಲಿ ವಾರಗಟ್ಟಲೆ ನಿಲ್ಲೋ ಗಾಡಿಗೆ ಅದು ಆಗಿಬರಲ್ಲ. ದಿನಾ ಓಡೋ ಗಾಡಿಗೆ ಅದರ ಅವಶ್ಯಕತೆಯೇ ಇಲ್ಲ.

ಬಟನ್ನಿನ ಕಡೆಗೂ ಒಮ್ಮೆ ಮೀಟರ್ ಹಿಡಿಯಿರಿ: ಬ್ಯಾಟರಿ ಪ್ಲಸ್ಸಿನಿಂದ ರಿಲೇ ಕಾಯಿಲ್ಲಿನ ಪಿನ್ನಿಗೆ, ಬಟನ್ ಒತ್ತಿ. ಒಂದು ವೋಲ್ಟ್ ದಾಟಿದರೆ ಬಟನ್ನೋ ಇಗ್ನಿಷನ್ ಸ್ವಿಚ್ಚೋ ಹಸಿರುಗಟ್ಟಿದೆ. ರಿಲೇ ಬಡಿದುಕೊಳ್ಳೋದಕ್ಕೆ ಇದೂ ಒಂದು ಕಾರಣ. ಬಟನ್ ಬಿಚ್ಚುವಾಗ ಸ್ಪ್ರಿಂಗ್ ಹಾರುತ್ತೆ, ಕೆಳಗೆ ಬಟ್ಟೆ ಹಾಸಿಕೊಳ್ಳಿ.

ಕಳೆದ ಮಳೆಗಾಲ ಮುಗಿದ ಮೇಲೆ ಮೈನಸ್ ದಾರಿಯ ಓದು 0.2ರಿಂದ 0.35ಕ್ಕೆ ಏರಿತ್ತು. ಮೋಟಾರ್ ಬೋಲ್ಟಿನ ಲಗ್ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ವಾಷರ್ ಬದಲಿಸಿದ್ದಕ್ಕೆ ವಾಪಸ್ 0.2. ಹಾಸನ, ಬೇಲೂರು ಕಡೆಯವರಿಗೆ ವರ್ಷಕ್ಕೊಂದು ಸಲ ಸಾಕು. ಮೂಡಿಗೆರೆ, ಕೊಟ್ಟಿಗೆಹಾರ, ಸಕಲೇಶಪುರದ ಘಾಟಿ ಕಡೆ ಓಡಿಸೋರು ಜೂನಿಗೆ ಮೊದಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಬಿಚ್ಚಿ ಉಜ್ಜಿ.