ಆಪರೇಷನ್ ಆದ ಮೇಲೆ ಒಂದು ಕಿವಿ ಕೇಳಿಸದಿದ್ದರೆ

ಹೃದಯದ್ದೋ ಹರ್ನಿಯಾದ್ದೋ ಆಪರೇಷನ್ ಚೆನ್ನಾಗಿಯೇ ಆಗಿದೆ. ಆದರೆ ಬೆಳಿಗ್ಗೆ ಎದ್ದಾಗ ಒಂದು ಕಿವಿ ಕಟ್ಟಿದ ಹಾಗಿದೆ, ಒಳಗೆ ಗುಂಯ್ ಅನ್ನುತ್ತಿದೆ. ಕಿವಿಗೂ ಇದಕ್ಕೂ ಏನು ಸಂಬಂಧ ಅಂತ ದಯವಿಟ್ಟು ಸುಮ್ನೆ ಕೂರಬೇಡಿ. ಅಪರೂಪಕ್ಕೆ ಸಂಬಂಧ ಇರುತ್ತದೆ.

ಒಳಕಿವಿಗೆ ರಕ್ತ ಹೋಗುವ ನಾಳ ತೀರಾ ಸಣ್ಣದು. ಹೃದಯದ ಬೈಪಾಸ್ ಆಪರೇಷನ್ ಸಮಯದಲ್ಲಿ ಹೆಪ್ಪುಗಟ್ಟಿದ ರಕ್ತದ ಒಂದು ಚೂರು ಅಲ್ಲಿ ಸಿಕ್ಕಿಕೊಂಡರೂ ಸಾಕು, ಕಿವಿ ಕೇಳಿಸದಾಗಬಹುದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿದಾಗ ಬೆನ್ನುಹುರಿಯ ಸುತ್ತಲಿನ ದ್ರವ ಸೋರಿಯೂ ಕಿವಿ ಮಂದವಾಗಬಹುದು, ಅದು ಹೆಚ್ಚಾಗಿ ತಾನಾಗಿ ಸರಿಹೋಗುತ್ತದೆ. ಸೋಂಕಿಗೆ ಕೊಡುವ ಅಮಿಕಾಸಿನ್, ಜೆಂಟಾಮೈಸಿನ್‌ನಂಥ ಔಷಧಿಗಳಿಂದಲೂ ಪೆಟ್ಟು ಬೀಳಬಹುದು, ಸಾಮಾನ್ಯವಾಗಿ ಎರಡೂ ಕಿವಿಗೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬಾಯಿ ಮುಚ್ಚಿ 'ಮ್‌‌ಮ್' ಅಂತ ಗುನುಗಿ. ಸದ್ದು ಕೆಟ್ಟ ಕಿವಿಯಲ್ಲೇ ಜಾಸ್ತಿ ಕೇಳಿಸಿದರೆ ಗುಗ್ಗೆಯೋ ನೀರೋ ಕಟ್ಟಿರಬಹುದು. ಒಳ್ಳೆಯ ಕಿವಿಯಲ್ಲಿ ಜಾಸ್ತಿ ಕೇಳಿಸಿದರೆ ಒಳಕಿವಿಯ ಅಥವಾ ನರದ ತೊಂದರೆ ಇರಬಹುದು, ಅವತ್ತೇ ಕಿವಿ-ಮೂಗು-ಗಂಟಲಿನ (ಇ.ಎನ್.ಟಿ.) ಡಾಕ್ಟರ ಹತ್ತಿರ ಹೋಗಿ. ಉತ್ತರ ಏನೇ ಬಂದರೂ ತೋರಿಸಲೇಬೇಕು. ಬಿಸಿ ತೆಂಗಿನೆಣ್ಣೆ ಬಿಡುವುದು ಮಾತ್ರ ಬೇಡ.

ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲ, ಬದಿಯಡ್ಕ ಕಡೆಯವರು ಮಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದು, ಹೊಲಿಗೆ ಬಿಚ್ಚಿಸುವ ದಿನ ಒಟ್ಟಿಗೇ ಹೇಳಿದರಾಯಿತು ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಅಮೂಲ್ಯ ದಿನಗಳು ಹೋಗಿರುತ್ತವೆ. ಒಳಕಿವಿಯ ಅಥವಾ ನರದ ತೊಂದರೆಯಾಗಿದ್ದರೆ ಸ್ಟೀರಾಯ್ಡ್ ಚಿಕಿತ್ಸೆ ಎರಡು ವಾರದೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಕಾಸರಗೋಡಿನಲ್ಲೇ ತೋರಿಸಿದರೂ ಆದೀತು. ಮಲಯಾಳದಲ್ಲಿ ವಿವರಿಸಲು ಕಷ್ಟವಾದರೆ, ಯಾವ ದಿನ ಯಾವ ಹೊತ್ತಿಗೆ ಶುರುವಾಯಿತು, ತಲೆ ಸುತ್ತಿತ್ತಾ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು, ಡಿಸ್ಚಾರ್ಜ್ ಸಮ್ಮರಿಯೂ ಔಷಧಿ ಚೀಟಿಗಳೂ ಜೊತೆಗಿಟ್ಟುಕೊಂಡು ಹೋಗಿ.

ಆಡಿಯೋಗ್ರಾಂ, ಅಂದರೆ ಕೇಳುವ ಶಕ್ತಿ ಅಳೆಯುವ ಪರೀಕ್ಷೆ, ಮಾಡಿಸಿ ಅಂತ ಕೇಳಿ. 72 ಗಂಟೆಯೊಳಗೆ, ಅಕ್ಕಪಕ್ಕದ ಮೂರು ಆವರ್ತನಗಳಲ್ಲಿ (ಸದ್ದಿನ ಸ್ಥಾಯಿಗಳಲ್ಲಿ) 30 ಡೆಸಿಬೆಲ್ ಅಥವಾ ಜಾಸ್ತಿ ನರದ ಕೇಳುವಿಕೆ ಕುಸಿದಿದ್ದರೆ ಅದನ್ನು ದಿಢೀರ್ ಕಿವುಡು ಅನ್ನುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಸ್ಟೀರಾಯ್ಡ್ ಮಾತ್ರೆ ಸಕ್ಕರೆ ಏರಿಸುತ್ತದೆ, ಗಾಯ ಮಾಗುವುದನ್ನೂ ನಿಧಾನ ಮಾಡಬಹುದು. ಮಾತ್ರೆಯ ಬದಲು ಕಿವಿಯ ತಮಟೆಯ ಮೂಲಕ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ದಾರಿಯೂ ಇದೆ. ಆಪರೇಷನ್ ಮಾಡಿದ ಡಾಕ್ಟರಿಗೂ ಒಂದು ಫೋನ್ ಮಾಡಿಸಿ.

ಮುಖ ಓರೆಯಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಇ.ಎನ್.ಟಿ. ಹುಡುಕಬೇಡಿ, ನೇರ 108ಕ್ಕೆ ಕರೆ ಮಾಡಿ. ವಯಸ್ಸಾದವರು ಕಿವಿಯ ವಿಷಯ ಹೇಳುವುದೇ ಇಲ್ಲ, ಅಲ್ವಾ? ಆಪರೇಷನ್ ಆದ ಮೊದಲ ವಾರ ಫೋನನ್ನು ಅವರ ಎರಡೂ ಕಿವಿಗೆ ಒಂದೊಂದು ಸಲ ಹಿಡಿದು ಕೇಳಿಸುತ್ತದಾ ಅಂತ ನೀವೇ ವಿಚಾರಿಸಿ.