ಪಿಕಪ್ ಹಿಂದೆ ಕ್ಯಾರವಾನ್: ಮೊದಲು ತೂಕ, ಆಮೇಲೆ ದಾರಿ

ಶಾಲೆಗಳಿಗೆ ರಜೆ ಬಂತೆಂದರೆ ಆಸ್ಟ್ರೇಲಿಯಾದ ಹೆದ್ದಾರಿಗಳಲ್ಲಿ ಕ್ಯಾರವಾನ್‌ಗಳ ಸಾಲು ಶುರುವಾಗುತ್ತದೆ. ಮೆಲ್ಬರ್ನ್, ಸಿಡ್ನಿಗಳಲ್ಲಿ ನೆಲೆಸಿದ ನಮ್ಮವರೂ ಈಗ ಪಿಕಪ್ (ಅಲ್ಲಿಯವರ ಬಾಯಲ್ಲಿ ಯೂಟ್) ಕೊಂಡು, ಹಿಂದೆ ಮನೆಯನ್ನೇ ಕಟ್ಟಿಕೊಂಡು ಹೊರಡುತ್ತಾರೆ. ಪೂರ್ಣ ಕಾರು ಲೈಸೆನ್ಸ್ ಇರುವವರಿಗೆ ಎಳೆಯುವುದಕ್ಕೆಂದು ಬೇರೆ ಪರೀಕ್ಷೆ ಇಲ್ಲ. ನಿನ್ನೆಯವರೆಗೆ ಪುಟ್ಟ ಕಾರು ಓಡಿಸಿದವರು ಇಂದು ಆರು ಟನ್ ಭಾರದ ಜೋಡಿಯನ್ನು ರಸ್ತೆಗೆ ಇಳಿಸಬಹುದು. ಆದ್ದರಿಂದ ಕಲಿಯುವ ಹೊಣೆ ಪೂರ್ತಿ ನಮ್ಮದೇ.

ಜಾಹೀರಾತಿನ ಅಂಕಿ ನಿಮ್ಮ ಅಂಕಿಯಲ್ಲ

ಯೂಟ್‌ಗಳ ಜಾಹೀರಾತಿನಲ್ಲಿ ‘3,500 ಕೆ.ಜಿ. ಎಳೆಯುತ್ತದೆ’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅದನ್ನು ನಂಬಿ ಕ್ಯಾರವಾನ್ ಕೊಳ್ಳಬೇಡಿ. ಮೂರು ಅಂಕಿಗಳನ್ನು ಒಟ್ಟಿಗೆ ನೋಡಬೇಕು. ತನ್ನ ತೂಕವೂ ಹೊರೆಯೂ ಸೇರಿ ಯೂಟ್ ತೂಗಬಹುದಾದ ಗರಿಷ್ಠ ತೂಕ ಜಿವಿಎಂ. ತುಂಬಿದ ಕ್ಯಾರವಾನ್‌ನ ಗರಿಷ್ಠ ತೂಕ ಎಟಿಎಂ. ಎರಡೂ ಸೇರಿ ಮೀರಬಾರದ ಮಿತಿ ಜಿಸಿಎಂ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಯೂಟ್‌ನ ಖಾಲಿ ತೂಕ 2,200 ಕೆ.ಜಿ., ಜಿಸಿಎಂ 6,000 ಎಂದಿಟ್ಟುಕೊಳ್ಳಿ. 3,500 ಕೆ.ಜಿ. ಕ್ಯಾರವಾನ್ ಕಟ್ಟಿದರೆ ಯೂಟ್‌ಗೆ ಉಳಿಯುವುದು 2,500. ಎಂದರೆ ಜನ ಮತ್ತು ಸಾಮಾನು ಸೇರಿ 300 ಕೆ.ಜಿ. ಮಾತ್ರ. ನಾಲ್ವರು ಕುಳಿತರೆ ಅದು ಮುಗಿದಂತೆಯೇ. ಮುಂದಿನ ಬುಲ್ ಬಾರ್ (ರಕ್ಷಣೆಯ ಕಬ್ಬಿಣದ ಚೌಕಟ್ಟು), ಹಿಂದಿನ ಕ್ಯಾನೋಪಿ (ಸಾಮಾನಿನ ಮುಚ್ಚಿಗೆ), ಫ್ರಿಜ್, ಅಕ್ಕಿ ಮೂಟೆ ಇವಕ್ಕೆಲ್ಲ ಜಾಗವೇ ಇಲ್ಲ. ಹೀಗಾಗಿ ಇಂಥ ಯೂಟ್‌ಗೆ 2,500 ಕೆ.ಜಿ. ಆಸುಪಾಸಿನ ಕ್ಯಾರವಾನ್ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಕೊಂಡ ಮೇಲೂ ಊಹೆ ಬೇಡ. ನೀರು, ಬಟ್ಟೆ, ಪಾತ್ರೆ ಎಲ್ಲ ತುಂಬಿ, ಮನೆಮಂದಿಯನ್ನೂ ಕೂರಿಸಿಕೊಂಡು ವಾಹನಗಳನ್ನು ತೂಗುವ ಸಾರ್ವಜನಿಕ ವೇಬ್ರಿಜ್‌ಗೆ ಹೋಗಿ ತೂಗಿಸಿ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಎರಡು ದೊಡ್ಡ ಟ್ಯಾಂಕ್ ತುಂಬಿದರೆ ಅಷ್ಟರಲ್ಲೇ ಇನ್ನೂರು ಕಿಲೋ ಹತ್ತಿರವಾಗುತ್ತದೆ.

ಮುಂಭಾರ, ಹಿಂಭಾರ

ಎತ್ತಿನ ಗಾಡಿ ಹೇರಿದ ಹಿರಿಯರಿಗೆ ಈ ವಿದ್ಯೆ ಗೊತ್ತಿತ್ತು: ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಕುತ್ತಿಗೆ ಬಾಗುತ್ತದೆ. ಕ್ಯಾರವಾನ್‌ನಲ್ಲಿಯೂ ಅದೇ ನ್ಯಾಯ. ಯೂಟ್‌ನ ಕೊಂಡಿಯ ಗುಂಡಿನ ಮೇಲೆ ಕೂರುವ ಭಾರ ಕ್ಯಾರವಾನ್ ತೂಕದ ಸುಮಾರು 10 ಶೇಕಡಾ ಇರಬೇಕು. ತೀರಾ ಕಡಿಮೆಯಾದರೆ ಕ್ಯಾರವಾನ್ ಬಾಲ ಬೀಸಲು ಶುರುಮಾಡುತ್ತದೆ. ಜೋಡಿ ಮಗುಚಿ ಬೀಳುವ ಅಪಾಯ ಹುಟ್ಟುವುದು ಅಲ್ಲಿಂದಲೇ.

ಹಾಗೆಂದು ಮುಂದಕ್ಕೆ ಸುಮ್ಮನೆ ತುಂಬುವಂತೆಯೂ ಇಲ್ಲ. ಕೊಂಡಿ ಇರುವುದು ಯೂಟ್‌ನ ಹಿಂದಿನ ಆಕ್ಸಲ್‌ಗಿಂತ ಒಂದು ಮೀಟರ್‌ಗೂ ಹೆಚ್ಚು ಹಿಂದೆ. ಆಕ್ಸಲ್‌ಗಳ ನಡುವಿನ ಅಂತರ 3.1 ಮೀಟರ್, ಕೊಂಡಿ 1.25 ಮೀಟರ್ ಹಿಂದೆ ಇದ್ದರೆ, 350 ಕೆ.ಜಿ. ಭಾರ ಹಿಂದಿನ ಆಕ್ಸಲ್ ಮೇಲೆ ಸುಮಾರು 490 ಕೆ.ಜಿ.ಯಾಗಿ ಬೀಳುತ್ತದೆ. ಮುಂದಿನ ಚಕ್ರಗಳಿಂದ 140 ಕೆ.ಜಿ. ಮೇಲೆತ್ತಿದಂತಾಗುತ್ತದೆ. ತಿರುಗಿಸುವುದೂ, ಬ್ರೇಕಿನ ಬಹುಪಾಲು ಕೆಲಸ ಮಾಡುವುದೂ ಆ ಮುಂದಿನ ಚಕ್ರಗಳೇ ಎಂಬುದನ್ನು ನೆನಪಿಡಿ. ಯೂಟ್ ತಯಾರಕರು ಒಪ್ಪಿದ್ದರೆ ಭಾರ ಹಂಚುವ ಹಿಚ್ (ವಿಶೇಷ ಕೊಂಡಿ) ಹಾಕಿಸಿ. ಅದು ಒಂದಷ್ಟು ಭಾರವನ್ನು ಮುಂದಕ್ಕೆ ಮರಳಿಸುತ್ತದೆ.

ಭಾರದ ಸಾಮಾನು ಕ್ಯಾರವಾನ್‌ನ ಆಕ್ಸಲ್ ಮೇಲೆ, ನೆಲಕ್ಕೆ ಹತ್ತಿರ ಇರಲಿ. ಹಗುರವಾದದ್ದು ಮೇಲಿನ ಕಪಾಟಿಗೆ. ಹಿಂಬದಿಯ ಬಂಪರ್‌ಗೆ ಸೈಕಲ್, ಹೆಚ್ಚುವರಿ ನೀರಿನ ಕ್ಯಾನ್ ನೇತುಹಾಕುವ ಅಭ್ಯಾಸವನ್ನು ಬಿಟ್ಟೇಬಿಡಿ.

ಕಟ್ಟುವ ಕ್ರಮ

ಸಮತಟ್ಟಾದ ಜಾಗದಲ್ಲಿ ಯೂಟನ್ನು ಹಿಂದಕ್ಕೆ ತಂದು ಕ್ಯಾರವಾನ್‌ನ ಮೂತಿಯಲ್ಲಿರುವ ಕಪ್ಲಿಂಗನ್ನು ಗುಂಡಿನ ಮೇಲೆ ಇಳಿಸಿ, ಬೀಗ ಕೂರಿಸಿ. ಬೀಗ ಬಿದ್ದ ಸದ್ದನ್ನು ನಂಬಬೇಡಿ. ಕ್ಯಾರವಾನ್‌ನ ಮುಂದಿನ ಜಾಕಿ ಚಕ್ರದ ಹಿಡಿಯನ್ನು ತಿರುಗಿಸಿ ಕ್ಯಾರವಾನ್‌ನ ಮೂತಿಯನ್ನು ಮೇಲೆತ್ತಿ ನೋಡಿ. ಯೂಟ್‌ನ ಹಿಂಭಾಗವೂ ಜೊತೆಗೆ ಎದ್ದರೆ ಮಾತ್ರ ಕೊಂಡಿ ಹಿಡಿದಿದೆ ಎಂದರ್ಥ. ಆಮೇಲೆ ಎರಡು ಸುರಕ್ಷಾ ಸರಪಳಿಗಳನ್ನು ಕೊಂಡಿಯ ಕೆಳಗೆ ಕತ್ತರಿಯಾಕಾರದಲ್ಲಿ ದಾಟಿಸಿ, ತೂಕದ ಗುರುತು ಅಚ್ಚಾಗಿರುವ, ಲಾಳದಾಕಾರದ ಶ್ಯಾಕಲ್‌ಗಳಿಂದ ಬಿಗಿಯಿರಿ. ಕಪ್ಲಿಂಗ್ ಕಳಚಿದರೂ ಅದು ಸರಪಳಿಗಳ ಮೇಲೆ ಕೂರುತ್ತದೆ, ನೆಲಕ್ಕೆ ನಾಟುವುದಿಲ್ಲ.

ಅಲ್ಲಿಯ ನಿಯಮದಂತೆ 750 ಕೆ.ಜಿ. ದಾಟಿದ ಟ್ರೇಲರ್‌ಗೆ ತನ್ನದೇ ಬ್ರೇಕ್ ಬೇಕು. 2,000 ಕೆ.ಜಿ. ದಾಟಿದರೆ ಎಲ್ಲ ಚಕ್ರಗಳಿಗೂ ಬ್ರೇಕ್ ಬೇಕು. ಜೊತೆಗೆ ಬೇರ್ಪಟ್ಟ ಕ್ಷಣವೇ ತಾನಾಗಿ ಬ್ರೇಕ್ ಹಿಡಿದು ಕನಿಷ್ಠ 15 ನಿಮಿಷ ನಿಲ್ಲಿಸುವ ವ್ಯವಸ್ಥೆ ಇರಲೇಬೇಕು. ಅದರ ತಂತಿಯನ್ನು ಯೂಟ್‌ಗೇ ಕಟ್ಟಿ, ಸರಪಳಿಗಲ್ಲ. ವಿದ್ಯುತ್ ಪ್ಲಗ್ ಚುಚ್ಚಿ, ಒಬ್ಬರನ್ನು ಹಿಂದೆ ನಿಲ್ಲಿಸಿ ದೀಪಗಳನ್ನು ನೋಡಿಸಿ. ಆಸರೆ ಕಾಲುಗಳು, ಮೆಟ್ಟಿಲು ಮಡಚಿವೆಯೇ? ಚಾವಣಿಯ ಕಿಟಕಿ, ಗ್ಯಾಸ್ ಸಿಲಿಂಡರ್‌ನ ಕವಾಟ ಎಲ್ಲ ಮುಚ್ಚಿವೆಯೇ? ಜಾಕಿ ಚಕ್ರ ತೆಗೆದಿದೆಯೇ? ಕ್ಯಾರವಾನ್‌ನ ಹ್ಯಾಂಡ್‌ಬ್ರೇಕ್ ಬಿಟ್ಟಿದೆಯೇ? ಚಲಿಸುವಾಗ ಒಳಗೆ ಯಾರೂ ಇರಕೂಡದು, ಮಲಗಿದ ಮಗುವಾದರೂ ಸರಿ.

ಟೈರ್‌ಗಳ ಗಾಳಿಯನ್ನು ತಣ್ಣಗಿರುವಾಗಲೇ ಅಳೆಯಿರಿ. ಪಕ್ಕದಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 2321 ಎಂದರೆ 2021ರ 23ನೇ ವಾರ ತಯಾರಾದದ್ದು. ವರ್ಷಗಟ್ಟಲೆ ನಿಂತೇ ಇದ್ದ ಕ್ಯಾರವಾನ್‌ನ ಟೈರ್ ಸವೆಯದೆಯೇ ಹಳತಾಗಿರುತ್ತದೆ.

ದಾರಿಯಲ್ಲಿ

ಫಲಕ 110 ಎಂದರೂ 90ರಿಂದ 95 ಕಿ.ಮೀ. ವೇಗ ಸಾಕು. ಊರಿನ ಹೊರಗೆ, 7.5 ಮೀಟರ್‌ಗಿಂತ ಉದ್ದದ ಜೋಡಿ ಇನ್ನೊಂದು ಉದ್ದದ ವಾಹನದಿಂದ ಕನಿಷ್ಠ 60 ಮೀಟರ್ ಹಿಂದಿರಬೇಕು, ರೋಡ್ ಟ್ರೇನ್‌ಗಳು ಓಡುವ ಪ್ರದೇಶದಲ್ಲಿ 200 ಮೀಟರ್. ಮೂರ್ನಾಲ್ಕು ಟ್ರೇಲರ್ ಎಳೆಯುವ ಈ ರೋಡ್ ಟ್ರೇನ್‌ಗಳು 53.5 ಮೀಟರ್‌ವರೆಗೂ ಉದ್ದವಿರುತ್ತವೆ. ಅವು ಪಕ್ಕದಲ್ಲಿ ಹಾದುಹೋಗುವಾಗ ಗಾಳಿ ಮೊದಲು ನಿಮ್ಮನ್ನು ದೂಡುತ್ತದೆ, ಮರುಕ್ಷಣವೇ ಸೆಳೆಯುತ್ತದೆ. ಸ್ಟೀರಿಂಗ್ ಹದವಾಗಿ ಹಿಡಿದು ನೇರ ಹೋಗಿ. ಯುಎಚ್‌ಎಫ್ ರೇಡಿಯೊ ಇದ್ದರೆ 40ನೇ ಚಾನೆಲ್‌ನಲ್ಲಿ ಲಾರಿ ಚಾಲಕರ ಮಾತು ಕೇಳುತ್ತದೆ. ಅವರು ಹಿಂದಿಕ್ಕುವ ಮುನ್ನ ತಿಳಿಸುತ್ತಾರೆ.

ಕ್ಯಾರವಾನ್ ಓಲಾಡತೊಡಗಿದರೆ? ಈ ಭಾಗವನ್ನು ಎರಡು ಸಲ ಓದಿ. ಯೂಟ್‌ನ ಬ್ರೇಕ್ ತುಳಿಯಬೇಡಿ. ಓಲಾಟಕ್ಕೆ ಎದುರಾಗಿ ಸ್ಟೀರಿಂಗ್ ತಿರುಗಿಸಬೇಡಿ. ವೇಗ ಹೆಚ್ಚಿಸಿ ಸರಿಪಡಿಸುವ ಯೋಚನೆಯಂತೂ ಬೇಡವೇ ಬೇಡ. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಡ್ಯಾಶ್‌ಬೋರ್ಡ್‌ನಲ್ಲಿರುವ ಬ್ರೇಕ್ ನಿಯಂತ್ರಕದ ಗುಂಡಿಯಿಂದ ಕ್ಯಾರವಾನ್ ಬ್ರೇಕನ್ನು ಮಾತ್ರ ಮೆಲ್ಲಗೆ ಹಾಕಿ. ಅದು ಹಿಂದಕ್ಕೆ ಎಳೆದು ಜೋಡಿಯನ್ನು ನೇರಗೊಳಿಸುತ್ತದೆ. ಆ ಗುಂಡಿ ಎಲ್ಲಿದೆ ಎಂದು ಕೈಗೆ ಗೊತ್ತಿರಬೇಕು; ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿಕೊಳ್ಳಿ. ನಂತರ ನಿಲ್ಲಿಸಿ, ಸಾಮಾನನ್ನು ಮತ್ತೆ ಜೋಡಿಸಿ.

ಇಳಿಜಾರು ಶುರುವಾಗುವ ಮೊದಲೇ ಕೆಳಗಿನ ಗೇರ್‌ಗೆ ಬನ್ನಿ. ಅಡಿಲೇಡ್‌ಗೆ ಇಳಿಯುವ ಸೌತ್ ಈಸ್ಟರ್ನ್ ಫ್ರೀವೇಯಲ್ಲಿ ಟ್ರಕ್, ಬಸ್‌ಗಳಿಗೆ 60 ಕಿ.ಮೀ. ಮಿತಿ ಇದೆ, ಭಾರದ ಕ್ಯಾರವಾನ್‌ನವರೂ ಅದನ್ನೇ ಪಾಲಿಸುವುದು ಒಳ್ಳೆಯದು. ಮುಸ್ಸಂಜೆಗೆ ಮುಂಚೆ ತಂಗುದಾಣ ಸೇರಿ. ಕಾಂಗರೂ ಅಡ್ಡ ಬಂದಾಗ ಥಟ್ಟನೆ ಪಕ್ಕಕ್ಕೆ ತಿರುಗಿಸಿದರೆ ಜೋಡಿ ಉರುಳುವ ಸಂಭವವೇ ಹೆಚ್ಚು.

ಹೊರಟು 50 ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಚಕ್ರದ ನಟ್‌ಗಳನ್ನು ಟಾರ್ಕ್ ಸ್ಪ್ಯಾನರ್‌ನಿಂದ ಪರೀಕ್ಷಿಸಿ. ಚಕ್ರದ ನಡುವಿನ ಗುಂಬದ (ಹಬ್) ಹತ್ತಿರ ಅಂಗೈ ತಂದು ನೋಡಿ: ಉಳಿದವುಗಳಿಗಿಂತ ಒಂದೇ ಚಕ್ರ ತೀರಾ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ, ಇಲ್ಲವೇ ಬೇರಿಂಗ್ ಹೋಗಿದೆ. ಅಲ್ಲಿಂದ ಮುಂದಕ್ಕೆ ಎಳೆಯದೆ ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ.