ಬಿಲ್ ಬುಕ್ಕಿನ ಹಿಂದೆ ಹಾಕಿದ 5ಜಿ ಲೆಕ್ಕ

ಹಾಸನದ ಎನ್.ಆರ್. ಸರ್ಕಲ್ ಹತ್ತಿರ ನನ್ನದೊಂದು ಮೊಬೈಲ್ ಅಂಗಡಿ ಇದೆ. ಹೋದ ತಿಂಗಳು ಸಕಲೇಶಪುರ ಕಡೆಯ ಕಾಫಿ ಬೆಳೆಗಾರರೊಬ್ಬರು ಬಂದರು. ಎರಡು ಫೋನ್ ಪಕ್ಕಪಕ್ಕ ಇಟ್ಟುಕೊಂಡು, "ಅದೇ ಸ್ಕ್ರೀನು, ಅದೇ ಬ್ಯಾಟರಿ. 5ಜಿ ಅಂತ ಬರೆದಿದ್ದಕ್ಕೆ ಎರಡೂವರೆ ಸಾವಿರ ಜಾಸ್ತಿನಾ?" ಅಂದರು. ಚಿಪ್ ದುಬಾರಿ ಸಾರ್ ಅಂದೆ. ಅಷ್ಟಕ್ಕೇ ಬಿಡುವ ಆಸಾಮಿ ಅಲ್ಲ. "ನಾಳಿದ್ದು ಬರ್ತೀನಿ, ಲೆಕ್ಕ ಹೇಳಪ್ಪ" ಅಂತ ಹೋದರು.

ನನಗೂ ಸರಿಯಾಗಿ ಗೊತ್ತಿರಲಿಲ್ಲ. ರಾತ್ರಿ ಶಟರ್ ಎಳೆದ ಮೇಲೆ, ಕಂಪನಿಗಳು ತಾವೇ ಹೊರಗೆ ಹೇಳಿರುವ ಪೇಟೆಂಟ್ ದರ, ಅಂದರೆ ತಮ್ಮ ಐಡಿಯಾ ಬಳಸಿದ್ದಕ್ಕೆ ಫೋನ್ ಮಾಡುವವರಿಂದ ಕೇಳೋ ದುಡ್ಡು, ಹುಡುಕಿ ಬಿಲ್ ಬುಕ್ಕಿನ ಹಿಂದೆ ಬರೆಯುತ್ತಾ ಹೋದೆ. ಫೋನಿನ ಕಾರ್ಖಾನೆ ಬೆಲೆ 10,000 ಅಂತ ಇಟ್ಟುಕೊಂಡೆ. ಚಿಪ್ ಕಂಪನಿ ಕ್ವಾಲ್‌ಕಾಮ್ ಕೇಳೋದು ಶೇ. 3.25, ಅಂದರೆ 325 ರೂಪಾಯಿ. ಒಳಗಿರೋದು ಎದುರಾಳಿ ಮೀಡಿಯಾಟೆಕ್ ಕಂಪನಿಯ ಚಿಪ್ ಆದ್ರೂ ಕ್ವಾಲ್‌ಕಾಮ್‌ಗೆ ಕೊಡಬೇಕು, ಅದೇ ನನಗೆ ಆಶ್ಚರ್ಯ ಆಗಿದ್ದು. ನೋಕಿಯಾಗೆ 3 ಯೂರೋವರೆಗೆ. ಎರಿಕ್ಸನ್ ಅಗ್ಗದ ಫೋನಿಗೆ ಎರಡೂವರೆ ಡಾಲರ್‌ವರೆಗೂ ಇಳಿಯುತ್ತೆ, ದುಬಾರಿ ಫೋನಿಗೆ 5. ಹುವಾವೆ ಎರಡೂವರೆ ಡಾಲರ್ ದಾಟಲ್ಲ ಅಂತ 2021ರಲ್ಲಿ ಹೇಳಿದೆ. ಕೂಡಿದರೆ ಸಾವಿರದ ಆಸುಪಾಸು, ಅದೂ ನಾಲ್ಕೇ ಕಂಪನಿಗೆ. ಇದೆಲ್ಲ ಬೋರ್ಡ್ ಮೇಲಿನ ರೇಟು ಬಿಡಿ, ಒಳಗೆ ಚೌಕಾಸಿ ನಡೆದು ಕಡಿಮೆ ಆಗುತ್ತೆ. 4ಜಿ ಫೋನೂ ಪೇಟೆಂಟ್ ದುಡ್ಡು ಕಟ್ಟುತ್ತೆ, ಹಾಗಾಗಿ ಆ ಎರಡೂವರೆ ಸಾವಿರ ಪೂರ್ತಿ ಇದಕ್ಕೇ ಹೋಗಲ್ಲ. ಚಿಪ್ಪಿನ ಬಗ್ಗೆ ನಾನು ಹೇಳಿದ್ದು ಪೂರ್ತಿ ತಪ್ಪೇನಲ್ಲ.

ಮತ್ತೆ ಬಂದಾಗ ಚೀಟಿ ತೋರಿಸಿದೆ. "ನೋಕಿಯಾ ಮುಚ್ಚಿ ಹೋಯ್ತಲ್ಲ?" ಅಂದರು. ಫೋನ್ ಬಿಸಿನೆಸ್ಸನ್ನು 2014ರಲ್ಲಿ ಮೈಕ್ರೋಸಾಫ್ಟ್‌ಗೆ ಮಾರಿದರು, ಪೇಟೆಂಟ್ ಮಾತ್ರ ಇಟ್ಟುಕೊಂಡರು ಅಂತ ಹೇಳಿದೆ. ಅದನ್ನೇ ಹಿಡಿದು ಕೇಸ್ ಹಾಕಿ, 2022ರಲ್ಲಿ ಜರ್ಮನಿಯಲ್ಲಿ ಒಪ್ಪೋ ಫೋನ್ ಮಾರಾಟವೇ ನಿಲ್ಲುವ ಹಾಗೆ ಮಾಡಿದ್ದು, 2024ರ ಜನವರಿಯಲ್ಲಿ ರಾಜಿ ಆಗಿದ್ದು, ಎಲ್ಲಾ ಹೇಳಿದೆ. 5ಜಿ ಹೀಗೇ ಕೆಲಸ ಮಾಡಬೇಕು ಅನ್ನೋ ನಿಯಮವನ್ನು ಕಂಪನಿಗಳೇ ಕೂತು ಬರೆಯೋದು. ಅದರೊಳಗೆ ಯಾರ ಐಡಿಯಾ ಸೇರುತ್ತೋ ಅವರಿಗೆ ಪ್ರತಿ ಫೋನಿನಿಂದಲೂ ಕಾಸು.

ಅವರು ಥಟ್ಟನೆ, "ಓ, ನಮ್ಮ ಕಾಫಿ ಸಿಪ್ಪೆ ತೆಗೆದು ಹದ ಮಾಡೋ ಕ್ಯೂರಿಂಗ್ ವರ್ಕ್ಸ್ ಥರ. ಕಾಫಿ ಯಾರದ್ದೇ ಆಗಲಿ, ಅವರ ಚಾರ್ಜು ಬಿಡಲ್ಲ" ಅಂದರು. ಪೂರ್ತಿ ಹೊಂದಲ್ಲ, ಬೇರೆ ಕ್ಯೂರಿಂಗ್‌ಗೆ ಹೋಗಬಹುದು, ಪೇಟೆಂಟ್‌ಗೆ ಆ ದಾರಿ ಇಲ್ಲ. ಸುಮ್ನೆ ತಲೆಯಾಡಿಸಿದೆ.

ಕೊನೆಗೆ, ತೋಟದಲ್ಲಿ ಒಂದು ಕಡ್ಡಿ ಸಿಗ್ನಲ್ ಬಂದ್ರೆ ಹೆಚ್ಚು ಅಂತ 4ಜಿ ಫೋನನ್ನೇ ತಗೊಂಡರು. ಟೆಂಪರ್ಡ್ ಗ್ಲಾಸ್ ಮಾತ್ರ ನನ್ನ ಲೆಕ್ಕದಲ್ಲಿ ಹಾಕಿಸಿಕೊಂಡರು.